ಒಂಬತ್ತು ಬೀಗದ ಕೈಗಳು, ಒಂದು ಖಾಲಿ ಕಾರ್ಡು

ಬೆಳಗಿನ ಆರೂಕಾಲು. ಸೇಂಟ್ ವೆಂಡೆಲ್ ಊರಿನ ಮುಖ್ಯಬೀದಿಯ ಹಿಂದಿನ ಓಣಿಗೆ ಉದ್ದನೆಯ ಲಾರಿಯೊಂದು ಹಿಮ್ಮುಖವಾಗಿ ಬರುತ್ತಿದೆ. ಓಣಿಯ ಅಗಲ ಲಾರಿಯ ಅಗಲಕ್ಕಿಂತ ಎರಡು ಗೇಣು ಹೆಚ್ಚು, ಅಷ್ಟೇ. ಒಂದು ಪಕ್ಕಕ್ಕೆ ಬ್ಯಾಂಕಿನ ಇಟ್ಟಿಗೆ ಗೋಡೆ. ಇನ್ನೊಂದು ಪಕ್ಕಕ್ಕೆ ಒಂದು ಕಾಲಕ್ಕೆ ಮಾಂಸದಂಗಡಿಯಾಗಿದ್ದ, ಈಗ ಏನೂ ಅಲ್ಲದ ಕಟ್ಟಡ. ಚಾಲಕಿ ಕನ್ನಡಿ ನೋಡುವುದು ರೂಢಿಗೆ ಮಾತ್ರ. ಗೋಡೆ ಎಲ್ಲಿದೆಯೆಂದು ಅವರ ಭುಜಕ್ಕೇ ಗೊತ್ತಿದೆ.

ಎಂಜಿನ್ ನಿಂತ ಮೇಲೆ ಉಳಿಯುವ ಮೌನ ದೊಡ್ಡದು. ಊರಾಚೆಯ ಹೊಲಗಳಲ್ಲಿ ಮುಸುಕಿನ ಜೋಳದ ಕೊಯ್ಲು ಮುಗಿಯುತ್ತ ಬಂದಿದೆ. ಪೂರ್ವದಲ್ಲಿ ಧೂಳು ಬೆರೆತ ಬೂದು ಬೆಳಕು. ಲಾವೊನ್ ತೀಲನ್ ಬಲಗಾಲನ್ನು ಮೊದಲು ಇಳಿಸಿ, ನೋಯುವ ಎಡ ಮೊಣಕಾಲನ್ನು ಕೈಯಲ್ಲಿ ಹಿಡಿದು ಆಮೇಲೆ ಇಳಿಸುತ್ತಾರೆ. ಅವರಿಗೀಗ ಅರವತ್ತನಾಲ್ಕು. ಸೊಂಟದ ಕಬ್ಬಿಣದ ಬಳೆಯಲ್ಲಿ ಒಂಬತ್ತು ಬೀಗದ ಕೈಗಳಿವೆ. ಒಂದೊಂದಕ್ಕೂ ಉಣ್ಣೆದಾರ ಸುತ್ತಿ ಗಂಟು ಹಾಕಿದ್ದಾರೆ. ಈ ಅಂಗಡಿಯದಕ್ಕೆ ಮೂರು ಗಂಟು. ಕತ್ತಲಲ್ಲಿ ಬೆರಳು ಹುಡುಕುವುದು ಆ ಗಂಟುಗಳನ್ನು. ಬೀಗ ತೆರೆಯುತ್ತದೆ. ಹ್ರುಷ್ಕಾ ಹಾರ್ಡ್‌ವೇರ್ ಅಂಗಡಿಯ ಹಿಂಗೋಣೆಯಿಂದ ಲಿನ್ಸೀಡ್ ಎಣ್ಣೆ, ರಬ್ಬರು, ಹಳೆಯ ಮರ, ಹುಲ್ಲುಬೀಜ ಎಲ್ಲ ಸೇರಿದ ವಾಸನೆ ಹೊರಗೆ ಬರುತ್ತದೆ.

ಇಪ್ಪತ್ತೊಂಬತ್ತು ವರ್ಷಗಳಿಂದ ಪ್ರತಿ ಗುರುವಾರ ಅವರು ಈ ಬಾಗಿಲು ತೆರೆದಿದ್ದಾರೆ. ಇನ್ನುಳಿದಿರುವುದು ಇವತ್ತಿನದು, ಮುಂದಿನ ವಾರದ್ದು. ಅಲ್ಲಿಗೆ ಮುಗಿಯಿತು. ಆಮೇಲೆ ಲಾರಿ ಇಲ್ಲ, ಬೀಗದ ಕೈಗಳನ್ನು ಗೋದಾಮಿಗೆ ಒಪ್ಪಿಸಬೇಕು. ಮುಂದಿನ ವಾರದ ಶನಿವಾರ ಈ ಅಂಗಡಿಯೂ ಮುಚ್ಚುತ್ತದೆ. ಲಾವೊನ್ ಅವರ ಜಾಕೆಟ್ಟಿನ ಒಳಜೇಬಿನಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ಚೀಟಿ ಇದೆ. ಅಂಗಡಿಯ ಮಾಲೀಕ ಮೈಲೋ ಹ್ರುಷ್ಕಾ ಅವರಿಗೆ ಕೊಡಲೆಂದು ತಾವೇ ಬರೆದದ್ದು. ಮೂರು ವರ್ಷಗಳಿಂದ ಅದು ಆ ಜೇಬಿನಲ್ಲೇ ಇದೆ.

“ಇವತ್ತು ಇಟ್ಟೇ ಇಡ್ತೀನಿ ಅಂದ್ಕೊಂಡು ಹೊರಡ್ತೀನಿ,” ಎನ್ನುತ್ತಾರೆ ಜೊತೆಗೆ ಬಂದ ವರದಿಗಾರರಿಗೆ, ಕೈಗಾಡಿಗೆ ಬಣ್ಣದ ಡಬ್ಬಿಗಳನ್ನು ಪೇರಿಸುತ್ತ. “ನೂರಾರು ಗುರುವಾರ ಹಾಗೇ ಹೊರಟಿದೀನಿ.”

ಆ ಚೀಟಿ ತಿಳಿಯಬೇಕಾದರೆ ಕೆಂಪು ಪೀಪಾಯಿ ತಿಳಿಯಬೇಕು.

ಈ ಸೀಮೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ನೆತ್ತಿಯ ಮೇಲೆ ಕೆಂಪು ಪೀಪಾಯಿಯ ಚಿತ್ರ ನೋಡದೆ ಬೆಳೆದವರಿಲ್ಲ. ಮೊಳೆಗಳು ಮರದ ಪೀಪಾಯಿಗಳಲ್ಲಿ ಬರುತ್ತಿದ್ದ ಕಾಲದ ಗುರುತು ಅದು. ಸುಮಾರು ತೊಂಬತ್ತು ವರ್ಷಗಳ ಹಿಂದೆ, ಊರೂರುಗಳಲ್ಲಿ ಅಂಗಡಿಗಳು ಬಾಗಿಲು ಮುಚ್ಚುತ್ತಿದ್ದ ದಿನಗಳಲ್ಲಿ, ಹನ್ನೊಂದು ಮಂದಿ ಸಣ್ಣ ಅಂಗಡಿಕಾರರು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದರು. ಅವರ ತೊಂದರೆ ಒಂದೇ. ರೈಲಿನ ಒಂದು ಡಬ್ಬಿಯಷ್ಟು ಮೊಳೆ ಕೊಂಡವನಿಗೆ ಒಂದು ದರ, ಎರಡು ಪೀಪಾಯಿ ಕೊಂಡವನಿಗೆ ಇನ್ನೊಂದು ದರ. ನಗರದ ದೊಡ್ಡ ಅಂಗಡಿಯವನು ಮೊಳೆ ಮಾರುತ್ತಿದ್ದ ಬೆಲೆಗೆ ಇವರಿಗೆ ಮೊಳೆ ಸಿಗುತ್ತಲೇ ಇರಲಿಲ್ಲ. ಹನ್ನೊಂದು ಮಂದಿ ಸೇರಿ ಒಂದು ಡಬ್ಬಿ ಮೊಳೆ ತರಿಸಿದರು. ಡಬ್ಬಿ ಬಂದು ನಿಂತ ದಿನ ಒಬ್ಬೊಬ್ಬರೂ ತಮ್ಮ ಗಾಡಿ ತಂದು ತಮ್ಮ ಪಾಲಿನ ಪೀಪಾಯಿಗಳನ್ನು ತಾವೇ ಇಳಿಸಿಕೊಂಡರು. ಎಣಿಸಿ ನೋಡಲೆಂದು ಯಾರೂ ಇನ್ನೊಬ್ಬರ ಗಾಡಿಯತ್ತ ತಿರುಗಲಿಲ್ಲವಂತೆ. ಮೈಲೋ ಅವರ ತಾತ ಆ ಹನ್ನೊಂದರಲ್ಲಿ ಒಬ್ಬರು.

ಹೀಗೆ ಹುಟ್ಟಿದ ಕೆಂಪು ಪೀಪಾಯಿ ಸಹಕಾರ ಸಂಘ ಯಾವ ಯಜಮಾನನದೂ ಆಗಲಿಲ್ಲ. ಗೋದಾಮು ಅಂಗಡಿಕಾರರದು, ಲಾರಿಗಳು ಅಂಗಡಿಕಾರರವು, ವರ್ಷದ ಕೊನೆಗೆ ಮಿಕ್ಕಿದ್ದು ಅಂಗಡಿಕಾರರಿಗೇ ಮರಳುತ್ತಿತ್ತು. ದೊಡ್ಡ ಅಂಗಡಿಗೂ ಒಂದೇ ಮತ, ಒಂಟಿ ಬಾಗಿಲಿನ ಅಂಗಡಿಗೂ ಒಂದೇ ಮತ. ಒಂದು ಕಾಲಕ್ಕೆ ಐದು ರಾಜ್ಯಗಳಲ್ಲಿ ಆರುನೂರ ಹನ್ನೆರಡು ಅಂಗಡಿಗಳಿದ್ದವು.

ಅಂಗಡಿಯ ಬೀಗದ ಕೈ ಲಾರಿಯವರ ಕೈಗೆ ಬಂದದ್ದು ಒಂದು ಚಳಿಗಾಲದಲ್ಲಿ. ಹಿಮಗಾಳಿಯಲ್ಲಿ ಸಿಕ್ಕಿಬಿದ್ದ ಚಾಲಕನೊಬ್ಬ ಮುಚ್ಚಿದ ಅಂಗಡಿಯ ಹಿಂಬಾಗಿಲಲ್ಲಿ ಮಾಲೀಕ ಬರುವವರೆಗೂ ಕಾದು ನಾಲ್ಕು ಬೆರಳು ಕಳೆದುಕೊಂಡ. ಆ ವಸಂತದ ಸಭೆಯಲ್ಲಿ ಕೈ ಎತ್ತಿ ತೀರ್ಮಾನವಾಯಿತು: ಹಿಂಬಾಗಿಲ ಬೀಗದ ಕೈ ಒಂದು ಮಾಲೀಕನ ಬಳಿ, ಇನ್ನೊಂದು ಲಾರಿಯವನ ಬಳಿ. ಲಾರಿಯವನು ಬಂದು ಮಾಲು ಇಳಿಸಿ ಹೋಗುತ್ತಾನೆ, ಮಾಲೀಕ ಎಣಿಸುವುದಿಲ್ಲ. ಹಿಂಗೋಣೆಯ ನೆಲದ ಮೇಲೆ ಒಂದು ಹಳದಿ ಗೆರೆ. ಲಾರಿಯವನು ಅದನ್ನು ದಾಟಿ ಅಂಗಡಿಯೊಳಗೆ ಹೋಗುವುದಿಲ್ಲ.

ಇಷ್ಟೇ ಕಟ್ಟಳೆ. ಇಷ್ಟರ ಮೇಲೆಯೇ ಅಷ್ಟು ವರ್ಷ ನಡೆದು ಬಂತು.

ಹಾಗಾಗಿ ಲಾವೊನ್ ಅವರಿಗೆ ತಮ್ಮ ಅಂಗಡಿಗಳ ಹಿಂಗೋಣೆ ಮಾತ್ರ ಗೊತ್ತು. ಹ್ರುಷ್ಕಾ ಅಂಗಡಿಯ ಹಳದಿ ಗೆರೆಯ ಈಚೆ ನಿಂತರೆ ಒಳಗೆ ಕತ್ತಲ ಸಾಲುಗಳು ಕಾಣುತ್ತವೆ. ಬೀದಿದೀಪದ ಬೆಳಕು ಬಿದ್ದ ಬಣ್ಣದ ಡಬ್ಬಿಗಳ ಅಂಚು. ತುತ್ತತುದಿಗೆ ಮುಂಬಾಗಿಲು, ಅದರ ನೆತ್ತಿಯಲ್ಲಿ ತೂಗುವ ಪುಟ್ಟ ಗಂಟೆಯ ನೆರಳು. ಅವರು ಎಂದೂ ಆ ಸಾಲುಗಳ ನಡುವೆ ನಡೆದಿಲ್ಲ. ಹಗಲು ಹೊತ್ತು ಅಂಗಡಿ ಹೇಗೆ ಕಾಣುತ್ತದೋ ಗೊತ್ತಿಲ್ಲ. ಮೈಲೋ ಅವರನ್ನು ಮುಖಾಮುಖಿ ಕಂಡದ್ದು ಇಪ್ಪತ್ತೊಂಬತ್ತು ವರ್ಷಗಳಲ್ಲಿ ಆರೇ ಆರು ಸಲ.

ಒಡನಾಟ ಎಲ್ಲ ಚೀಟಿಗಳಲ್ಲೇ. ಹಿಂಗೋಣೆಯ ಮೇಜಿನ ಮೇಲೆ ಮೊಳೆಗೆ ಚುಚ್ಚಿದ ಚೀಟಿಗಳು. ‘ಕಳೆದ ವಾರ ಬಿಳಿ ಬಣ್ಣದ ಡಬ್ಬಿ ಒಂದು ಸೋರಿತ್ತು, ಬದಲು ತಾ.’ ‘ಹಿಮ ಕರಗಿಸೋ ಉಪ್ಪು ಹತ್ತು ಚೀಲ ಸಾಕು, ಈ ಸಲ ಹಿಮ ತಡವಂತೆ.’ ‘ನಿನ್ನ ಗಂಡನ ಬೆನ್ನು ಹೇಗಿದೆ?’ ಅದಕ್ಕೆ ಇವರ ಉತ್ತರ: ‘ಬೆನ್ನು ಹಾಗೇ ಇದೆ. ಬಾಯಿ ಮಾತ್ರ ಚೆನ್ನಾಗಿದೆ.’ ಚೀಟಿಯ ಪಕ್ಕ ಬೋರಲು ಹಾಕಿದ ಬಟ್ಟಲು, ಅದರಡಿಗೆ ಎರಡು ಕೊಲಾಚೆ. ನಡುವೆ ಗಸಗಸೆಯ ಹೂರಣವಿಟ್ಟ ಆ ಮೆತ್ತನೆಯ ಬನ್ನುಗಳನ್ನು ಮೈಲೋ ಅವರ ಹೆಂಡತಿ ಆರ್ಡಿತ್ ಪ್ರತಿ ಬುಧವಾರ ಸಂಜೆ ಬೇಯಿಸಿ ಕಳಿಸುತ್ತಿದ್ದರು. ಐದು ವರ್ಷಗಳ ಹಿಂದೆ ಒಂದು ಗುರುವಾರ ಬಟ್ಟಲು ಎತ್ತಿದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಸಕ್ಕರೆ ಡೋನಟ್ ಇತ್ತು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು. ಚೀಟಿಯಲ್ಲಿ ಎಂದಿನಂತೆ ಫರ್ನೇಸಿನ ಫಿಲ್ಟರ್, ಇಲಿಬೋನು, ಅಷ್ಟೇ.

“ಅದನ್ನ ನೋಡ್ತಾ ನಿಂತ್ಬಿಟ್ಟೆ,” ಎನ್ನುತ್ತಾರೆ ಲಾವೊನ್. “ಆರ್ಡಿತ್ ಹೋಗ್ಬಿಟ್ಳು ಅಂತ ಯಾರೂ ಹೇಳ್ಬೇಕಾಗಿರ್ಲಿಲ್ಲ. ನಾನೂ ಏನೂ ಬರೀಲಿಲ್ಲ. ಡೋನಟ್ಟು ತಿಂದೆ. ತಿನ್ನದೇ ಇಟ್ಟಿದ್ರೆ ಅವ್ನಿಗೆ ಬೇಜಾರಾಗ್ತಿತ್ತು ಅಲ್ವಾ.”

ಅವರು ಹುಟ್ಟಿದ್ದು ಹಾಲಿನ ದನ ಸಾಕುವ ಮನೆಯಲ್ಲಿ. ಅವರ ಇಪ್ಪತ್ತನೆಯ ವಯಸ್ಸಿಗೆ ದನಗಳು ಹರಾಜಾದವು. ಆಮೇಲೆ ಕೋಳಿಮಾಂಸದ ಕಾರ್ಖಾನೆ, ಶಾಲೆಯ ಅಡುಗೆಮನೆ. ಕೆಂಪು ಪೀಪಾಯಿಯ ಲಾರಿ ಓಡಿಸುತ್ತಿದ್ದುದು ಗಂಡ ರಾಜರ್. ಮಾಲು ಇಳಿಸುವಾಗ ಅವರ ಬೆನ್ನುಮೂಳೆ ಜಾರಿ, ಮತ್ತೆ ಸ್ಟೇರಿಂಗ್ ಹಿಡಿಯಲಾರರು ಎಂದು ಡಾಕ್ಟರು ಹೇಳಿದ ವರ್ಷ ಲಾವೊನ್ ಪರೀಕ್ಷೆ ಕಟ್ಟಿ ಅದೇ ಲಾರಿ ಹತ್ತಿದರು. ಮೊದಲ ವಾರ ಹದಿನಾಲ್ಕು ಅಂಗಡಿಗಳಲ್ಲಿ ‘ಗಂಡಸರು ಯಾರೂ ಸಿಗಲಿಲ್ಲವೇ’ ಎಂಬರ್ಥದ ಚೀಟಿಗಳು ಕಾದಿದ್ದವಂತೆ. ಮೈಲೋ ಅವರ ಚೀಟಿಯಲ್ಲಿ ಮಾತ್ರ ‘ಮೆಟ್ಟಿಲಿನ ಎರಡನೇ ಹಲಗೆ ಅಲ್ಲಾಡುತ್ತೆ, ಜೋಪಾನ’ ಎಂದಿತ್ತು. ಮುಂದಿನ ಗುರುವಾರ ಹಲಗೆಗೆ ಹೊಸ ಮೊಳೆ ಬಿದ್ದಿತ್ತು.

ಈಗಲೂ ಅವರ ದಿನ ಶುರುವಾಗುವುದು ಎರಡೂಕಾಲಿಗೆ. ರಾಜರ್ ಏಳಲಾರದಿದ್ದರೂ ಮಲಗಿದಲ್ಲಿಂದಲೇ ರಸ್ತೆಯ ಸಮಾಚಾರ ಹೇಳುತ್ತಾರೆ. ಮಂಗಳವಾರ ನಾಲ್ಕು ಅಂಗಡಿ, ಗುರುವಾರ ಐದು. ಗುರುವಾರದ ದಾರಿ ಇನ್ನೂರ ಹನ್ನೆರಡು ಮೈಲಿ. ಇಳಿಸುವ ಪೆಟ್ಟಿಗೆಗಳು ಮುನ್ನೂರಕ್ಕೆ ಸ್ವಲ್ಪ ಹೆಚ್ಚು. ಉಪ್ಪಿನ ಕಾಲದಲ್ಲಿ ಅದರ ಮೇಲೆ ನಲವತ್ತು ಪೌಂಡಿನ ಚೀಲ ನೂರೈವತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಂದು ಪೆಟ್ಟಿಗೆಯ ವ್ಯತ್ಯಾಸ ಬಂದಿಲ್ಲ. ಮೊದಲು ಅವರ ಬಳೆಯಲ್ಲಿ ಇಪ್ಪತ್ತಮೂರು ಬೀಗದ ಕೈಗಳಿದ್ದವು. ಮೂರು ವರ್ಷಗಳ ಹಿಂದೆ ಹದಿನೇಳು.

ಮೂರು ವರ್ಷಗಳ ಹಿಂದೆ, ಎಂದಿನಂತೆ, ಮತದ ಕಾರ್ಡುಗಳು ಬಂದವು.

ವರ್ಷಕ್ಕೊಮ್ಮೆ ಸಭೆ. ಆದರೆ ವಸಂತದಲ್ಲಿ ಜನ ಬೇಲಿಗೆ ಬಣ್ಣ ಬಳಿಯುವ, ತೋಟ ಅಗೆಯುವ ಹೊತ್ತು; ಅಂಗಡಿ ಬಿಟ್ಟು ಯಾರು ಹೋಗುತ್ತಾರೆ? ಹೋಗಲಾಗದವರಿಗೆ ಅಂಚೆ ಕಾರ್ಡಿನಂಥ ಮತದ ಕಾರ್ಡು. ‘ಹೌದು’ಗೆ ಒಂದು ಚೌಕ, ‘ಇಲ್ಲ’ಕ್ಕೆ ಒಂದು ಚೌಕ, ಕೆಳಗೆ ಸಹಿ. ಗುರುತು ಹಾಕಿ ಹಿಂಗೋಣೆಯ ಮೇಜಿನ ಮೇಲಿಟ್ಟರೆ ಲಾರಿಯವನು ಒಯ್ಯುತ್ತಾನೆ. ಸಹಿ ಇದ್ದು ಗುರುತಿಲ್ಲದ ಕಾರ್ಡು ಆಡಳಿತ ಮಂಡಳಿಯ ಸಲಹೆಯ ಕಡೆಗೆ ಎಣಿಕೆಯಾಗುತ್ತದೆ. ಮಂಡಳಿಯಲ್ಲಿರುವವರೂ ತಮ್ಮಂತೆಯೇ ಅಂಗಡಿಕಾರರು, ಎಂದೂ ಕೆಟ್ಟದ್ದು ಹೇಳಿದವರಲ್ಲ. ಮೊದಮೊದಲು ಎಲ್ಲರೂ ಓದಿ ಗುರುತು ಹಾಕುತ್ತಿದ್ದರು. ಆಮೇಲಾಮೇಲೆ ಸಹಿ ಮಾತ್ರ ಉಳಿಯಿತು. ನಂಬಿಕೆ ಅಭ್ಯಾಸವಾಯಿತು, ಅಭ್ಯಾಸದಲ್ಲಿ ಓದುವುದು ಬಿಟ್ಟುಹೋಯಿತು. ಪೆಟ್ಟಿಗೆಗಳನ್ನು ಎಣಿಸದ ಜನ ಕಾರ್ಡನ್ನು ಯಾಕೆ ಓದುತ್ತಾರೆ?

ಆ ವರ್ಷದ ಕಾರ್ಡಿನಲ್ಲಿದ್ದ ಪ್ರಶ್ನೆ ಗೋದಾಮನ್ನು, ಲಾರಿಗಳನ್ನು, ಹೆಸರನ್ನು ದೂರದ ನಗರದ ಒಂದು ಹೂಡಿಕೆ ಕಂಪನಿಗೆ ಮಾರಬಹುದೇ ಎಂಬುದು. ಮಂಡಳಿಯ ಸಲಹೆ ‘ಹೌದು’.

ಮೈಲೋ ಅವರ ಕಾರ್ಡಿಗೆ ಒಂದು ಚೀಟಿ ಚುಚ್ಚಿತ್ತು. ಲಾವೊನ್ ಅದನ್ನು ಇನ್ನೂ ಇಟ್ಟುಕೊಂಡಿದ್ದಾರೆ. ‘ಲಾವೊನ್, ಸಹಿ ಹಾಕಿದೀನಿ, ಗುರುತು ಹಾಕಿಲ್ಲ. ಹತ್ತು ಸಲ ಓದಿದೆ, ತಲೆಗೆ ಹೋಗಲಿಲ್ಲ. ಆರ್ಡಿತ್ ಇದ್ದಿದ್ದರೆ ಹೇಳ್ತಿದ್ದಳು. ಗೋದಾಮನ್ನ ಒಳಗಿಂದ ನೋಡಿರೋಳು ನೀನು. ನಿಂಗೆ ಸರಿ ಅನ್ನಿಸಿದ ಚೌಕಕ್ಕೆ ಗುರುತು ಹಾಕು.’

ಅವರಿಗೆ ಏನನ್ನಿಸಿತ್ತೆಂಬುದರಲ್ಲಿ ಅನುಮಾನವಿಲ್ಲ. ಆ ಚಳಿಗಾಲವಿಡೀ ಮಿರಿಮಿರಿ ಬೂಟಿನ ಅಪರಿಚಿತರು ಗೋದಾಮಿನ ಅಳತೆ ತೆಗೆಯುತ್ತಿದ್ದುದನ್ನು ಅವರು ನೋಡಿದ್ದರು. ಲಾರಿಗಳ ಚಕ್ರಗಳನ್ನು ಒಬ್ಬಾತ ಎಣಿಸಿ ಬರೆದುಕೊಂಡಿದ್ದ. ಅವರು ಲಾರಿಯ ಸೀಟಿನಲ್ಲಿ ಕೂತು, ಕಾರ್ಡನ್ನು ಸ್ಟೇರಿಂಗ್ ಮೇಲಿಟ್ಟು, ಪೆನ್ನು ತೆರೆದರು. ಕಾಲು ಗಂಟೆ ಹಾಗೇ ಕೂತರು. ಮುಂದಿನ ಅಂಗಡಿಗೆ ಅವರು ತಡವಾಗಿ ತಲುಪಿದ್ದು ಇಷ್ಟು ವರ್ಷಗಳಲ್ಲಿ ಆ ಒಂದು ದಿನ. ಕೊನೆಗೆ ಪೆನ್ನು ಮುಚ್ಚಿದರು. ಖಾಲಿ ಕಾರ್ಡನ್ನು ಉಳಿದವುಗಳ ಜೊತೆ ಲಕೋಟೆಗೆ ಹಾಕಿದರು.

“ಅದು ನಂದಲ್ಲ ಅನ್ನಿಸ್ತು. ನಾನು ಲಾರಿ ಓಡ್ಸೋಳು. ಇಷ್ಟು ವರ್ಷ ಇನ್ನೊಬ್ರ ಅಂಗಡೀಲಿ ನಿಂತು ಒಂದು ಮೊಳೆ ಮುಟ್ಟಿಲ್ಲ, ಗೆರೆ ದಾಟಿಲ್ಲ. ಅವ್ನ ಮತ ನಾನು ಮುಟ್ಟೋದಾ?” ಆಮೇಲೆ ಸೇರಿಸುತ್ತಾರೆ: “ಮುಟ್ಟದೇ ಇರೋದು ಒಳ್ಳೇತನ ಅಂದ್ಕೊಂಡಿದ್ದೆ.”

ಎಣಿಕೆಯ ಹಾಳೆಯನ್ನು ಗೋದಾಮಿನ ಗೋಡೆಗೆ ಅಂಟಿಸಿದರು. ಒಟ್ಟು ಮುನ್ನೂರ ಎಂಬತ್ತೆಂಟು ಮತ. ಮಾರಲು ಮೂರರಲ್ಲಿ ಎರಡು ಪಾಲು, ಎಂದರೆ ಇನ್ನೂರ ಐವತ್ತೊಂಬತ್ತು ಬೇಕು. ಬಿದ್ದದ್ದು ಇನ್ನೂರ ಎಪ್ಪತ್ತೊಂದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗುರುತಿಲ್ಲದ ಕಾರ್ಡುಗಳು. ಲಾವೊನ್ ತಂದ ಹದಿನೇಳರಲ್ಲಿ ಹದಿಮೂರು ಖಾಲಿ ಇದ್ದವು. ಆ ಹದಿಮೂರು ‘ಇಲ್ಲ’ ಎಂದಿದ್ದರೆ ಒಂದೇ ಒಂದು ಮತ ಸಾಲದೆ ಹೋಗುತ್ತಿತ್ತು. ಇದನ್ನು ಅವರಿಗೆ ಯಾರೂ ತೋರಿಸಿಕೊಡಲಿಲ್ಲ. ಹಾಳೆಯ ಮುಂದೆ ನಿಂತು ತಾವೇ ಕಳೆದು ನೋಡಿದರು.

ಮೈಲೋ ಅವರ ಒಂದು ಕಾರ್ಡಿನಿಂದ ಏನೂ ಆಗುತ್ತಿರಲಿಲ್ಲ. ಅದು ಲಾವೊನ್ ಅವರಿಗೂ ಗೊತ್ತು. ಅವರನ್ನು ತಿನ್ನುವುದು ಬೇರೆ. ಸಹಿಯಾದ ಕಾರ್ಡುಗಳೆಲ್ಲ ಕೈಸೇರಲು ಎರಡು ವಾರ ಹಿಡಿದಿತ್ತು. ಆ ಎರಡು ವಾರವೂ ಅವರು ಹದಿನೇಳು ಮೇಜುಗಳ ಮೇಲೆ ಸೋರಿದ ಡಬ್ಬಿಯ ಬಗ್ಗೆ, ಒಡೆದ ಗಾಜಿನ ಬಗ್ಗೆ ಚೀಟಿ ಬರೆದಿಟ್ಟಿದ್ದರು. ‘ಈ ಸಲ ಓದಿ ಸಹಿ ಹಾಕಿ’ ಎಂದು ಒಂದು ಸಾಲು ಬರೆಯಲಿಲ್ಲ.

ಮೈಲೋ ಮತ್ತೆ ಆ ವಿಷಯ ಎತ್ತಲೇ ಇಲ್ಲ. ಲಾವೊನ್ ಗುರುತು ಹಾಕಿದ್ದಾರೆಂದೇ ಅವರು ತಿಳಿದಿರಬೇಕು. ಯಾವ ಚೌಕಕ್ಕೆ? ‘ಹೌದು’ ಎಂದು ಹಾಕಿರಬಹುದೆಂದು ಅವರಿಗೆ ಅನ್ನಿಸಿದೆಯೋ ಏನೋ. ಅದನ್ನು ಯೋಚಿಸಿದಾಗಲೆಲ್ಲ ಲಾವೊನ್ ರೇಡಿಯೊ ದನಿ ಜೋರು ಮಾಡುತ್ತಾರೆ.

ಮಾರಿದ ಮೇಲಿನದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಮೊದಲು ಎರಡನೆಯ ಗೋದಾಮು ಮುಚ್ಚಿತು. ಆಮೇಲೆ ಕೆಂಪು ಪೀಪಾಯಿಯ ಸ್ವಂತ ಬಣ್ಣ ನಿಂತಿತು. ಮೂವತ್ತು ವರ್ಷ ಒಂದೇ ಹಸಿರು ಬಳಿದ ಕಣಜಗಳಿಗೆ ಈಗ ಹೊಂದುವ ಬಣ್ಣ ಸಿಗುವುದಿಲ್ಲ. ಈಗ ಲಾರಿಗಳ ಸರದಿ. ನವೆಂಬರ್ ಒಂದರಿಂದ ಹೊರಗಿನ ಸಾಗಣೆಯವರು ಮಾಲನ್ನು ಅಂಗಡಿಯ ಮುಂದಿನ ಕಾಲುದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಬೀಗದ ಕೈಯ ಪದ್ಧತಿ ರದ್ದು. ಇಷ್ಟಕ್ಕಿಂತ ಕಡಿಮೆ ತರಿಸಿಕೊಳ್ಳುವ ಅಂಗಡಿಗಳಿಗೆ ಯಾರೂ ಹೋಗುವುದೇ ಇಲ್ಲ. ಸೇಂಟ್ ವೆಂಡೆಲ್‌ನ ಅಂಗಡಿ ಆ ‘ಇಷ್ಟಕ್ಕಿಂತ’ ಕೆಳಗೆ ಬರುತ್ತದೆ. ಎಪ್ಪತ್ತೆಂಟರ ಮೈಲೋ ಬೇರೆ ಕಡೆಯಿಂದ ಮಾಲು ತರಿಸಲು ನೋಡಿದರು. ಅವರ ತಾತನಿಗೆ ಚರ್ಚಿನ ನೆಲಮಾಳಿಗೆಗೆ ಹೋಗುವ ಮೊದಲು ಸಿಕ್ಕ ಉತ್ತರವೇ ಇವರಿಗೂ ಸಿಕ್ಕಿತು: ಕಡಿಮೆ ಕೊಳ್ಳುವವರಿಗೆ ಹೆಚ್ಚಿನ ದರ.

ಐದು ಅಂಗಡಿಗಳಲ್ಲಿ ನಾಲ್ಕನೆಯದು ಟ್ರೂಡಿ ಫಿಂಕೆ ಅವರದು. ಅವರು ಮಾತ್ರ ಬೇಗ ಬಂದು ಹಿಂಬಾಗಿಲಲ್ಲೇ ನಿಂತಿರುತ್ತಾರೆ, ಕೈಯಲ್ಲಿ ಎರಡು ಲೋಟ ಕಾಫಿ. ಅವರ ಅಂಗಡಿ ಉಳಿಯುತ್ತದೆ, ಸದ್ಯಕ್ಕೆ. ಹೊಸಬರು ಕಾಲುದಾರಿಯಲ್ಲಿ ಇಳಿಸುವ ಉಪ್ಪಿನ ಚೀಲಗಳನ್ನು ಒಳಗೆ ಹೊರುವವರು ಯಾರೆಂದು ಕೇಳುತ್ತ, ನಿನ್ನ ಗಂಡನ ಬೆನ್ನೇನೋ ಹೋಯಿತು, ಇನ್ನು ನನ್ನ ಗಂಡನದು ಎಂದು ನಗುತ್ತಾರೆ. ಕಾರ್ಡಿನ ಮಾತು ಬಂದಾಗ ನಗು ನಿಲ್ಲುತ್ತದೆ.

“ನಂದೂ ಖಾಲೀನೇ ಹೋಗಿದ್ದು,” ಎನ್ನುತ್ತಾರೆ ಟ್ರೂಡಿ. “ಗಿರಾಕಿ ನಿಂತಿದ್ದ, ಅವ್ನಿಗೆ ಕೀಲಿ ಕೊರೀತಾ ಕೊರೀತಾ ಸಹಿ ಹಾಕ್ದೆ. ಒಂದು ಬೀಗ ಕೊಳ್ಳೋನು ನಾಲ್ಕು ಸಲ ಎಳೆದು ನೋಡ್ತಾನೆ ಕಣೆ. ನಾನು ಇಡೀ ಗೋದಾಮು ಕೊಟ್ಟೆ, ಕಣ್ಣೆತ್ತಿ ನೋಡ್ಲಿಲ್ಲ.”

ಲಾವೊನ್ ಕಾಫಿ ಕುಡಿಯುತ್ತಾರೆ. ನೀನೇ ಒಯ್ದ ಲಕೋಟೆಯಲ್ಲವೇ ಎಂದು ಟ್ರೂಡಿ ಹೇಳುವುದಿಲ್ಲ. ಯಾರೂ ಹೇಳುವುದಿಲ್ಲ. ಹೇಳಿದ್ದರೆ ಒಂದು ಮಾತು ಬೈಸಿಕೊಂಡು ಮುಗಿಸಬಹುದಿತ್ತು.

ಟ್ರೂಡಿ ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಅದೇ ದಿನ ಬೆಳಗ್ಗೆ ಸೇಂಟ್ ವೆಂಡೆಲ್‌ನಲ್ಲಿ ಪೆಟ್ಟಿಗೆಗಳೆಲ್ಲ ಇಳಿದ ಮೇಲೆ ಲಾವೊನ್ ಬಹಳ ಹೊತ್ತು ಹಳದಿ ಗೆರೆಯ ಬಳಿ ನಿಂತಿದ್ದರು. ಇಳಿಸಿದ್ದೇ ಹನ್ನೊಂದು ಪೆಟ್ಟಿಗೆ. ಮುಚ್ಚುವ ಅಂಗಡಿಗೆ ಹೆಚ್ಚೇನು ಬೇಕು? ಬಟ್ಟಲಿನಡಿಯ ಡೋನಟ್ ತಿಂದರು. ಒಳಜೇಬಿನಿಂದ ಚೀಟಿ ತೆಗೆದು ಮೊಳೆಗೆ ಚುಚ್ಚಿದರು. ಮತ್ತೆ ತೆಗೆದರು. ಮತ್ತೆ ಚುಚ್ಚಿ, ಹಿಂತಿರುಗದೆ ಹೊರಬಂದು ಬೀಗ ಹಾಕಿದರು. ಚೀಟಿಯಲ್ಲಿದ್ದದ್ದು ಇಷ್ಟು:

‘ಮೈಲೋ, ಆ ಕಾರ್ಡಿಗೆ ನಾನು ಗುರುತು ಹಾಕಲಿಲ್ಲ. ಖಾಲಿ ಕೊಟ್ಟೆ. ಬೇಡ ಅನ್ನಿಸಿತ್ತು, ಆದರೂ ಹಾಕಲಿಲ್ಲ. ನೀನು ಕೇಳಿದ್ದೆ. ನಾನು ಮಾಡಲಿಲ್ಲ.’

ಆ ವಾರ ಅವರಿಗೆ ನಿದ್ದೆ ಸರಿಯಾಗಿ ಬಂದಿಲ್ಲ. ಮಂಗಳವಾರ ಕೊನೆಯ ನಾಲ್ಕು ಅಂಗಡಿಗಳಿಗೆ ಮಾಲು ಇಳಿಸಿ ಬಂದರು. ಒಂದರಲ್ಲಿ ಬಟಾಟೆ ಸಲಾಡ್ ಕಟ್ಟಿಟ್ಟಿದ್ದರು, ಇನ್ನೊಂದರಲ್ಲಿ ಕೈಗವಸು. ರಾಜರ್ ಹಾಸಿಗೆಯಿಂದಲೇ ತಮಾಷೆ ಮಾಡಲು ನೋಡಿದರು: ಮುದುಕನಿಗೆ ಪ್ರೇಮಪತ್ರ ಬರೆದವಳ ಹಾಗೆ ಯಾಕೆ ಒದ್ದಾಡುತ್ತೀಯ ಮಾರಾಯ್ತಿ, ಎಂದು. ಲಾವೊನ್ ನಗಲಿಲ್ಲ.

ಕೊನೆಯ ಗುರುವಾರ ಹೊಲಗಳೆಲ್ಲ ಬೋಳು. ನೆಲದ ಮೇಲೆ ಮೊದಲ ಮಂಜು ಹೆಪ್ಪುಗಟ್ಟಿದೆ. ಆರೂಕಾಲಿಗೆ ಲಾರಿ ಅದೇ ಓಣಿಗೆ ಅದೇ ಎರಡು ಗೇಣಿನ ಬಿಡುವಿನಲ್ಲಿ ಹಿಮ್ಮುಖವಾಗಿ ಬರುತ್ತದೆ. ಇಳಿಸಲು ನಾಲ್ಕು ಪೆಟ್ಟಿಗೆ. ಒಳಗೆ ಕಪಾಟುಗಳು ಅರ್ಧ ಖಾಲಿಯಾಗಿ, ಸಾಲುಗಳ ನಡುವಿನಿಂದ ಮುಂಬಾಗಿಲು ಎಂದಿಗಿಂತ ಹತ್ತಿರ ಕಾಣುತ್ತಿದೆ. ಮೇಜಿನ ಮೇಲೆ ಬಟ್ಟಲಿದೆ. ಮೊಳೆಯಲ್ಲಿ ಚೀಟಿ ಇದೆ. ಲಾವೊನ್ ಮೊದಲು ನಾಲ್ಕು ಪೆಟ್ಟಿಗೆಗಳನ್ನೂ ಇಳಿಸಿ, ಕೈಗಾಡಿಯನ್ನು ಲಾರಿಗೆ ಕಟ್ಟಿ, ಕೈಗವಸು ತೆಗೆದು, ಆಮೇಲೆ ಚೀಟಿ ಬಿಡಿಸುತ್ತಾರೆ. ಅದನ್ನು ಓದಿ ಪಕ್ಕಕ್ಕೆ ಚಾಚುತ್ತಾರೆ, ಜೊತೆಗೆ ಬಂದವರು ಓದಲೆಂದು.

‘ಲಾವೊನ್, ನಿನ್ನ ಚೀಟಿ ಓದಿ ಎರಡು ದಿನ ಕೋಪ ಬಂತು. ಮೂರನೇ ದಿನ ನಾನೂ ಖಾಲಿಯೇ ಬಿಟ್ಟಿದ್ದು ಅಂತ ನೆನಪಾಯಿತು. ನಾನು ಮಾಡಬೇಕಾದ್ದನ್ನ ನಿನ್ನ ಮೇಲೆ ಹಾಕಿದೆ. ಶನಿವಾರ ಎರಡು ಗಂಟೆಗೆ ಮುಚ್ಚುತ್ತೇನೆ. ಮೆಟ್ಟಿಲು ಜಾರುತ್ತೆ, ಜೋಪಾನ. ಮೈಲೋ.’

ಬಟ್ಟಲಿನಡಿಗೆ ಕೊಲಾಚೆ ಇದೆ. ಒಂದೇ. ಒಂದು ಬದಿ ಸೀದಿದೆ, ಗಸಗಸೆ ಹೊರಗೆ ಚೆಲ್ಲಿದೆ. ಎಂದೂ ಒಲೆಯ ಮುಂದೆ ನಿಲ್ಲದ ಕೈ ಮಾಡಿದ್ದೆಂದು ನೋಡಿದರೇ ತಿಳಿಯುತ್ತದೆ. ಲಾವೊನ್ ಅದನ್ನು ಅಲ್ಲೇ ನಿಂತು ಪೂರ್ತಿ ತಿನ್ನುತ್ತಾರೆ. ಅಂಗೈಗೆ ಬಿದ್ದ ಪುಡಿಯನ್ನೂ ಬಿಡುವುದಿಲ್ಲ.

ಮಧ್ಯಾಹ್ನ ಗೋದಾಮಿನಲ್ಲಿ ಡೆಲ್ಬರ್ಟ್ ಕೌಂಟರಿನ ಹಿಂದೆ ಕೂತಿದ್ದಾರೆ. ಲಾರಿಗಳ ದಿನದ ದಾರಿ ಹಂಚುವ ಕೆಲಸ ಅವರದು. ಇನ್ನು ಎರಡು ದಿನಕ್ಕೆ ಆ ಕೆಲಸವೂ ಇಲ್ಲ. ಹಿಂದಿನ ಗೋಡೆಯಲ್ಲಿ ಸಾಲು ಮೊಳೆಗಳು. ಒಪ್ಪಿಸಿದ ಬೀಗದ ಕೈಗಳು ಗುಂಪು ಗುಂಪಾಗಿ ತೂಗುತ್ತಿವೆ, ಯಾವುದು ಯಾವ ಊರಿನದೋ ಇನ್ನು ಯಾರಿಗೂ ಬೇಕಿಲ್ಲ. ಡೆಲ್ಬರ್ಟ್ ಹೊಸ ಕಂಪನಿಯ ಹಾಳೆಯನ್ನು ಮುಂದೆ ತಳ್ಳುತ್ತಾರೆ. ಒಂಬತ್ತು ಅಂಗಡಿಗಳ ಹೆಸರು, ಒಂದೊಂದರ ಎದುರಿಗೂ ಎರಡು ಚೌಕ. ಮೊದಲನೆಯದು ‘ಕಂಪನಿಗೆ ಒಪ್ಪಿಸಲಾಗಿದೆ’. ಎರಡನೆಯದು ‘ಅಂಗಡಿ ಮಾಲೀಕರಿಗೆ ಮರಳಿಸಲಾಗುವುದು’.

“ಎಲ್ಲಾ ಮೊದಲನೇದಕ್ಕೇ ಹಾಕ್ಬಿಡು,” ಎನ್ನುತ್ತಾರೆ ಡೆಲ್ಬರ್ಟ್. “ಹಾಗೇ ಮಾಡಿ ಅಂತ ಮೇಲಿಂದ ಹೇಳಿದಾರೆ. ಎರಡನೇದಕ್ಕೆ ಹಾಕಿದ್ರೆ ನೀನೇ ಹೋಗಿ ಕೊಟ್ಟು ಸಹಿ ತರ್ಬೇಕು. ಸುಮ್ನೆ ಯಾಕೆ ಓಡಾಟ? ಇಲ್ಲಾ, ಖಾಲಿ ಬಿಡು. ನಾನೇ ಹಾಕ್ಕೋತೀನಿ.”

ಲಾವೊನ್ ಕನ್ನಡಕ ಹಾಕಿಕೊಳ್ಳುತ್ತಾರೆ. ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ, ಸಣ್ಣಕ್ಷರದಲ್ಲಿರುವುದನ್ನೂ ಬಿಡದೆ ಓದುತ್ತಾರೆ. ಹಿಂದೆ ಇನ್ನಿಬ್ಬರು ಚಾಲಕರು ಕಾಯುತ್ತಿದ್ದಾರೆ. ಒಬ್ಬಾತ, ಇದೇನು ಮದುವೆ ಕರಾರೇ ಎಂದು ಕಾಲೆಳೆಯುತ್ತಾನೆ. ಅವರು ತಲೆ ಎತ್ತುವುದಿಲ್ಲ. ಎಂಟು ಅಂಗಡಿಗಳ ಎದುರು ಮೊದಲ ಚೌಕಕ್ಕೆ ಗುರುತು ಬೀಳುತ್ತದೆ. ಟ್ರೂಡಿಯ ಅಂಗಡಿಯಂತೆ ಉಳಿಯುವಂಥವು ಅವು, ಇನ್ನು ಅಲ್ಲಿ ಬೀಗ ಬದಲಾಯಿಸುತ್ತಾರೆ. ಸೇಂಟ್ ವೆಂಡೆಲ್‌ನ ಎದುರು ಎರಡನೆಯ ಚೌಕ. ಪೆನ್ನನ್ನು ಒತ್ತಿ ಹಾಕಿದ ಗುರುತು. ಕೆಳಗಿನ ಹಾಳೆಗೂ ಇಳಿದಿದೆ.

ಎಂಟು ಬೀಗದ ಕೈಗಳನ್ನು ಬಳೆಯಿಂದ ಒಂದೊಂದಾಗಿ ಕಳಚಿ ಕೌಂಟರಿನ ಮೇಲಿಡುತ್ತಾರೆ. ದಾರದ ಗಂಟುಗಳನ್ನು ಬಿಚ್ಚುವುದಿಲ್ಲ. ಮೂರು ಗಂಟಿನದು ಬಳೆಯಲ್ಲೇ ಉಳಿಯುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಅದು ಸದ್ದೇ ಮಾಡುವುದಿಲ್ಲ, ತಾಗಲು ಜೊತೆಗೆ ಇನ್ನೊಂದಿಲ್ಲ.

ಹೊರಗೆ ಲಾರಿಗಳ ಪಕ್ಕದ ಕೆಂಪು ಪೀಪಾಯಿಯ ಚಿತ್ರವನ್ನು ಇಬ್ಬರು ಕೆರೆದು ತೆಗೆಯುತ್ತಿದ್ದಾರೆ. ಲಾವೊನ್ ತಮ್ಮ ಹಳೆಯ ಪಿಕಪ್ ಹತ್ತಿ ಕೂರುತ್ತಾರೆ, ಆದರೆ ಕೀ ತಿರುಗಿಸುವುದಿಲ್ಲ. ಮುಂದೇನು ಎಂದು ಕೇಳಿದರೆ, ಶಾಲೆಯ ಬಸ್ಸು ಓಡಿಸುವವರು ಬೇಕಂತೆ, ಮೊಣಕಾಲು ಒಪ್ಪಿದರೆ ನೋಡಬೇಕು, ಎನ್ನುತ್ತಾರೆ. ಶನಿವಾರದ ಬಗ್ಗೆ ಮಾತ್ರ ಅವರೇ ಮಾತು ತೆಗೆಯುತ್ತಾರೆ.

“ಒಂದು ಗಂಟೆಗೆ ಹೋಗ್ತೀನಿ. ಮುಂದಿನ ಬಾಗಿಲಿಂದ. ಏನು ಮಾತಾಡ್ಬೇಕೋ ಗೊತ್ತಿಲ್ಲ, ಎದುರಿಗೆ ಮಾತಾಡಿ ಇಬ್ರಿಗೂ ಅಭ್ಯಾಸ ಇಲ್ಲ. ಕೀ ಕೈಗೆ ಕೊಟ್ಟು ಒಂದು ಪೌಂಡ್ ಮೊಳೆ ತಗೋತೀನಿ.” ಬಳೆಯ ಒಂಟಿ ಬೀಗದ ಕೈಯನ್ನು ಬೆರಳಿಂದ ಒಮ್ಮೆ ತಿರುಗಿಸುತ್ತಾರೆ. “ಆ ಬಾಗಿಲ ಮೇಲೆ ಒಂದು ಗಂಟೆ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ಕತ್ತಲಲ್ಲಿ ನೋಡ್ತಾನೇ ಇದೀನಿ. ಅದು ಹೊಡ್ಕೊಂಡ್ರೆ ಹೇಗಿರುತ್ತೆ ಅಂತ ಒಂದ್ಸಲ ಕೇಳ್ಬೇಕು.”